ಮಾದಕ ವ್ಯಸನದಿಂದ ಮೆದುಳಿಗಾದ ಹಾನಿಗೆ ಸ್ಟೆಮ್ ಸೆಲ್ ಚಿಕಿತ್ಸೆ: ದುಡ್ಡು ಕಟ್ಟುವ ಮುನ್ನ ಗೊತ್ತಿರಬೇಕಾದ ಸಂಗತಿಗಳು

ಮಗ ಬ್ರೌನ್ ಶುಗರ್ ಬಿಟ್ಟು ಆರು ತಿಂಗಳಾಗಿದೆ. ಆದರೂ ಅವನು ಮೊದಲಿನಂತಿಲ್ಲ. ಹೇಳಿದ್ದು ನೆನಪಿರುವುದಿಲ್ಲ, ಒಂದು ಕೆಲಸದಲ್ಲಿ ಮನಸ್ಸು ನಿಲ್ಲುವುದಿಲ್ಲ, ಸಣ್ಣ ಮಾತಿಗೂ ಸಿಟ್ಟು. ವೈದ್ಯರು 'ಸಮಯ ಬೇಕು' ಎನ್ನುತ್ತಾರೆ. ಮನೆಯವರಿಗೆ ಕಾಯುವಷ್ಟು ತಾಳ್ಮೆ ಉಳಿದಿಲ್ಲ. ಅಷ್ಟರಲ್ಲಿ ಯಾರೋ ಹೇಳುತ್ತಾರೆ: 'ಸ್ಟೆಮ್ ಸೆಲ್ ಹಾಕಿಸಿ, ಸತ್ತ ನರಕೋಶ ಮತ್ತೆ ಹುಟ್ಟುತ್ತೆ.'

ಠಾಣೆ, ಡೊಂಬಿವಲಿ, ಕಲ್ಯಾಣ್, ನವಿ ಮುಂಬೈ ಭಾಗದಲ್ಲಿ ನೆಲೆಸಿರುವ ಕನ್ನಡ ಕುಟುಂಬಗಳಿಗೂ ಇಂಥ ಪರಿಸ್ಥಿತಿ ಹೊಸದಲ್ಲ. ಹೋಟೆಲ್, ಕಾರ್ಖಾನೆ, ಸಾರಿಗೆ, ಐಟಿ ಹೀಗೆ ನಾನಾ ಕೆಲಸಕ್ಕಾಗಿ ಬಂದು ನೆಲೆ ನಿಂತವರ ಮಕ್ಕಳು ವ್ಯಸನಕ್ಕೆ ಸಿಕ್ಕಾಗ, ವಿಷಯವನ್ನು ಊರಿನ ನೆಂಟರಿಗೂ ಹೇಳದೆ ಮುಚ್ಚಿಟ್ಟು, ಚಿನ್ನ ಅಡವಿಟ್ಟು ಚಿಕಿತ್ಸೆ ಹುಡುಕುವವರೇ ಹೆಚ್ಚು. ಹಾಗಾದರೆ ಮಾದಕ ವಸ್ತುವಿನಿಂದ ಹಾಳಾದ ಮೆದುಳನ್ನು ಸ್ಟೆಮ್ ಸೆಲ್ ಸರಿಪಡಿಸುತ್ತದೆಯೇ? ಕಾನೂನು ಏನು ಹೇಳುತ್ತದೆ? ನಿಜಕ್ಕೂ ಕೆಲಸ ಮಾಡುವ ಚಿಕಿತ್ಸೆ ಯಾವುದು, ಅದು ಎಲ್ಲಿ ಸಿಗುತ್ತದೆ? ಇಲ್ಲಿದೆ ವಿವರ.

ಒಂದೇ ಮಾತಿನಲ್ಲಿ ಉತ್ತರ

ಮಾದಕ ವ್ಯಸನಕ್ಕಾಗಲಿ, ವ್ಯಸನದಿಂದ ಮೆದುಳಿಗಾದ ಹಾನಿಗಾಗಲಿ ಭಾರತದಲ್ಲಿ ಅನುಮೋದಿತ ಸ್ಟೆಮ್ ಸೆಲ್ ಚಿಕಿತ್ಸೆ ಇಲ್ಲ. ಇದು ಇನ್ನೂ ಸಂಶೋಧನೆಯ ಹಂತದಲ್ಲಿದೆ, ಅದರಲ್ಲೂ ಬಹುಪಾಲು ಇಲಿಗಳ ಮೇಲಿನ ಪ್ರಯೋಗ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್ ಹೊರತಾಗಿ ರೋಗಿಗೆ ಸ್ಟೆಮ್ ಸೆಲ್ ಕೊಡುವುದು ಅನೈತಿಕ ಮತ್ತು ವೈದ್ಯಕೀಯ ದುರಾಚಾರ ಎಂದು ರಾಷ್ಟ್ರೀಯ ಮಾರ್ಗಸೂಚಿ ಹೇಳುತ್ತದೆ. ಆದರೆ ನಿರಾಶರಾಗಬೇಕಿಲ್ಲ. ವ್ಯಸನದಿಂದ ಬಳಲಿದ ಮೆದುಳು ತಕ್ಕಮಟ್ಟಿಗೆ ತಾನಾಗಿಯೇ ಚೇತರಿಸಿಕೊಳ್ಳುತ್ತದೆ. ಆ ಚೇತರಿಕೆಗೆ ನೆರವಾಗುವ, ಸಾಬೀತಾದ ಚಿಕಿತ್ಸೆಗಳೂ ಇವೆ.

ಸ್ಟೆಮ್ ಸೆಲ್ ಎಂದರೇನು?

ನಮ್ಮ ದೇಹದ ಬಹುತೇಕ ಜೀವಕೋಶಗಳಿಗೆ ನಿಗದಿತ ಕೆಲಸವಿದೆ. ಚರ್ಮದ ಕೋಶ ಚರ್ಮವಾಗಿಯೇ ಇರುತ್ತದೆ, ನರಕೋಶ ನರಕೋಶವಾಗಿಯೇ ಇರುತ್ತದೆ. ಸ್ಟೆಮ್ ಸೆಲ್ ಅಥವಾ ಆಕರಕೋಶ ಹಾಗಲ್ಲ. ಅದು ತನ್ನಂಥದ್ದೇ ಕೋಶಗಳನ್ನು ಹುಟ್ಟಿಸುತ್ತಾ, ಬೇರೆ ಬಗೆಯ ಕೋಶವಾಗಿಯೂ ಬದಲಾಗಬಲ್ಲದು. ಆದರೆ ಎಲ್ಲ ಸ್ಟೆಮ್ ಸೆಲ್‌ಗಳೂ ಒಂದೇ ಅಲ್ಲ. ಜಾಹೀರಾತುಗಳು ಮರೆಮಾಚುವುದು ಇದನ್ನೇ.

* ಭ್ರೂಣದ ಸ್ಟೆಮ್ ಸೆಲ್: ದೇಹದ ಯಾವುದೇ ಬಗೆಯ ಕೋಶವಾಗಬಲ್ಲದು.
* ಐಪಿಎಸ್ ಕೋಶ: ವಯಸ್ಕರ ಚರ್ಮ ಅಥವಾ ರಕ್ತದ ಕೋಶವನ್ನು ಪ್ರಯೋಗಾಲಯದಲ್ಲಿ ಮರಳಿ ಮೂಲ ಸ್ಥಿತಿಗೆ ತಂದಿದ್ದು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇದನ್ನು ಸಾಧಿಸಿ, 2012ರಲ್ಲಿ ನೊಬೆಲ್ ಪಡೆದರು.
* ಅಸ್ಥಿಮಜ್ಜೆಯ ರಕ್ತಜನಕ ಸ್ಟೆಮ್ ಸೆಲ್: ಇದರ ಕೆಲಸ ರಕ್ತದ ಕೋಶಗಳನ್ನು ತಯಾರಿಸುವುದು.
* ಮೆಸೆಂಕೈಮಲ್ ಸ್ಟೆಮ್ ಸೆಲ್: ಅಸ್ಥಿಮಜ್ಜೆ, ಕೊಬ್ಬು, ಹೊಕ್ಕುಳಬಳ್ಳಿಯಲ್ಲಿ ಸಿಗುತ್ತದೆ. ಸಹಜವಾಗಿ ಮೂಳೆ, ಮೃದ್ವಸ್ಥಿ, ಕೊಬ್ಬಿನ ಕೋಶವಾಗುತ್ತದೆ.

ನರರೋಗಗಳಿಗೆ ಸ್ಟೆಮ್ ಸೆಲ್ ಎಂದು ದುಡ್ಡು ಪಡೆದು ನೀಡುವ ಚಿಕಿತ್ಸೆಯಲ್ಲಿ ಸಾಮಾನ್ಯವಾಗಿ ಬಳಕೆಯಾಗುವುದು ಕೊನೆಯ ಎರಡು ಬಗೆ. ಸೊಂಟದ ಮೂಳೆಯಿಂದ ಮಜ್ಜೆ ತೆಗೆದು, ಅದರಿಂದ ಕೋಶಗಳನ್ನು ಬೇರ್ಪಡಿಸಿ, ಬೆನ್ನಿಗೆ ಸೂಜಿ ಚುಚ್ಚಿ ಮೆದುಳುಬಳ್ಳಿಯ ಸುತ್ತಲಿನ ದ್ರವಕ್ಕೆ ಬಿಡುತ್ತಾರೆ. ಈ ಕೋಶಗಳು ಮೇಲೇರಿ ಮೆದುಳು ಸೇರಿ, ಅಲ್ಲಿ ಹೊಸ ನರಕೋಶಗಳಾಗಿ, ಹಳೆಯ ತಂತುಗಳ ಜೊತೆ ಬೆಸೆದುಕೊಳ್ಳುತ್ತವೆ ಎಂಬುದಕ್ಕೆ ಮನುಷ್ಯರಲ್ಲಿ ಪುರಾವೆಯಿಲ್ಲ. ಅಸ್ಥಿಮಜ್ಜೆಯ ಕೋಶ ನರಕೋಶವಾಗುತ್ತದೆ ಎಂಬ ನಂಬಿಕೆ 2000ರ ಆಸುಪಾಸಿನಲ್ಲಿ ವಿಜ್ಞಾನಿಗಳಲ್ಲೂ ಇತ್ತು. ಆದರೆ ಹಾಗೆ ಕಂಡ ಬದಲಾವಣೆಗೆ ಎರಡು ಕೋಶಗಳು ಒಂದಕ್ಕೊಂದು ಅಂಟಿ ಬೆಸೆದುಕೊಳ್ಳುವುದೂ ಕಾರಣವಾಗಬಹುದು ಎಂದು 2002ರಲ್ಲಿ ಬಂದ ಸಂಶೋಧನೆಗಳು ತೋರಿಸಿದವು. ಈಗ ಹೆಚ್ಚಿನ ಸಂಶೋಧಕರು ಹೇಳುವುದು ಇಷ್ಟೇ: ಈ ಕೋಶಗಳು ಸ್ರವಿಸುವ ರಾಸಾಯನಿಕಗಳು ಉರಿಯೂತವನ್ನು ತಗ್ಗಿಸಬಹುದು. ಸತ್ತ ನರಕೋಶದ ಜಾಗಕ್ಕೆ ಹೊಸದು ಬರುತ್ತದೆ ಎನ್ನುವುದು ಬೇರೆಯೇ ಮಾತು.

ಯಾವ ಡ್ರಗ್ಸ್, ಯಾವ ಹಾನಿ?

'ಡ್ರಗ್ಸ್‌ನಿಂದ ಮೆದುಳು ಹಾಳಾಗಿದೆ' ಎಂಬುದು ಒಂದು ಕಾಯಿಲೆಯ ಹೆಸರಲ್ಲ. ಬೇರೆ ಬೇರೆ ವಸ್ತು ಬೇರೆ ಬೇರೆ ರೀತಿ ಹಾನಿ ಮಾಡುತ್ತದೆ. ಅದಕ್ಕೆ ತಕ್ಕಂತೆ ಚಿಕಿತ್ಸೆಯೂ ಬೇರೆ.

ಮದ್ಯ: ವರ್ಷಗಟ್ಟಲೆ ಕುಡಿದು ಸರಿಯಾಗಿ ಊಟ ಮಾಡದವರಲ್ಲಿ ಥಯಾಮಿನ್, ಅಂದರೆ ಬಿ1 ವಿಟಮಿನ್ ಕೊರತೆಯಾಗುತ್ತದೆ. ಗೊಂದಲ, ತೂರಾಡುವ ನಡಿಗೆ, ಕಣ್ಣಿನ ಚಲನೆಯಲ್ಲಿ ತೊಂದರೆ ಕಾಣಿಸುತ್ತದೆ. ಇದು ವರ್ನಿಕೆ ಎನ್ಸೆಫಲೋಪತಿ. ತಕ್ಷಣ ಥಯಾಮಿನ್ ಇಂಜೆಕ್ಷನ್ ಕೊಟ್ಟರೆ ಹಾನಿ ತಡೆಯಬಹುದು. ತಡವಾದರೆ ಹೊಸ ನೆನಪೇ ಉಳಿಯದ ಕೊರ್ಸಕಾಫ್ ಸ್ಥಿತಿಗೆ ತಿರುಗಬಹುದು.

ಬ್ರೌನ್ ಶುಗರ್: ಮುಂಬೈಗೆ 1980ರ ದಶಕದಲ್ಲಿ ಕಾಲಿಟ್ಟ ಈ ಅಶುದ್ಧ ಹೆರಾಯಿನ್ ಅನ್ನು ಫಾಯಿಲ್ ಮೇಲೆ ಕಾಯಿಸಿ ಹೊಗೆ ಎಳೆಯುತ್ತಾರೆ. ಹೀಗೆ ಹೊಗೆ ಎಳೆದ ಕೆಲವರಲ್ಲಿ ಮೆದುಳಿನ ಬಿಳಿ ಭಾಗ ಹಾಳಾಗುವ ಅಪರೂಪದ, ಆದರೆ ಗಂಭೀರ ಕಾಯಿಲೆಯನ್ನು ನೆದರ್ಲೆಂಡ್ಸ್ ವೈದ್ಯರು 1982ರಲ್ಲಿ ಮೊದಲು ವರದಿ ಮಾಡಿದರು. ಇದಕ್ಕಿಂತ ಹೆಚ್ಚು ಸಾಮಾನ್ಯವಾದದ್ದು ಓವರ್‌ಡೋಸ್‌ನಿಂದ ಉಸಿರು ನಿಂತು, ಆಮ್ಲಜನಕವಿಲ್ಲದೆ ಆಗುವ ಹಾನಿ.

ಎಂಡಿ ಮತ್ತು ಮೆತ್: ಮುಂಬೈ ಸುತ್ತಮುತ್ತ 'ಎಂಡಿ', 'ಮ್ಯಾಂವ್ ಮ್ಯಾಂವ್' ಎಂದು ಕರೆಯುವ ಮೆಫೆಡ್ರೋನ್ ಅನ್ನು 2015ರ ಫೆಬ್ರವರಿಯಲ್ಲಿ ಎನ್‌ಡಿಪಿಎಸ್ ಕಾಯ್ದೆ ವ್ಯಾಪ್ತಿಗೆ ತರಲಾಯಿತು. ಇಂಥ ಉತ್ತೇಜಕಗಳು ನಿದ್ದೆ ಕೆಡಿಸುತ್ತವೆ, ಭ್ರಮೆ ಹುಟ್ಟಿಸುತ್ತವೆ. ಮೆತ್‌ಆಂಫೆಟಮಿನ್ ಡೋಪಮಿನ್ ವ್ಯವಸ್ಥೆಯನ್ನೇ ಘಾಸಿಗೊಳಿಸುತ್ತದೆ, ಪಾರ್ಶ್ವವಾಯುವಿನ ಅಪಾಯವನ್ನೂ ಹೆಚ್ಚಿಸುತ್ತದೆ.

ಮೂಸುವ ದ್ರಾವಕ: ವೈಟ್ನರ್, ಥಿನ್ನರ್, ಅಂಟು ಮೂಸುವ ಮಕ್ಕಳಲ್ಲಿ ಟಾಲ್ಯೂಯಿನ್ ಎಂಬ ದ್ರಾವಕ ಮೆದುಳಿನ ತಂತುಗಳ ಹೊದಿಕೆಯನ್ನು ಹಾಳುಮಾಡಬಲ್ಲದು.

ಇನ್ನು ವ್ಯಸನವೆಂಬುದು ಬರೀ ಕೋಶ ಸಾಯುವ ಕಥೆಯಲ್ಲ. ಸುಖ, ನೆನಪು, ಒತ್ತಡ ಮತ್ತು ಆತ್ಮನಿಯಂತ್ರಣಕ್ಕೆ ಸಂಬಂಧಿಸಿದ ಮೆದುಳಿನ ಜಾಲಗಳು ಕೆಲಸ ಮಾಡುವ ರೀತಿಯೇ ಬದಲಾಗಿರುತ್ತದೆ. ಹಳೆಯ ಗೆಳೆಯ ಕಂಡರೆ, ಒಂದು ಗಲ್ಲಿ ದಾಟಿದರೆ ಆಸೆ ಕೆರಳುತ್ತದೆ. ಇದು ಕಲಿತ ನೆನಪು. ಬೆನ್ನಿಗೆ ಚುಚ್ಚಿದ ಕೋಶ ಈ ನೆನಪನ್ನು ಅಳಿಸುತ್ತದೆ ಎನ್ನಲು ಯಾವ ಆಧಾರವೂ ಇಲ್ಲ.

ನಿಜವಾಗಿ ನಡೆದ ಒಂದು ಪ್ರಕರಣ

ಡ್ರಗ್ಸ್‌ನಿಂದ ಹಾಳಾದ ಮೆದುಳಿಗೆ ಕೋಶ ಕಸಿ ಮಾಡಿದ ಉದಾಹರಣೆ ಇಲ್ಲವೇ ಎಂದರೆ, ಇದೆ. ಅದು ನಲವತ್ತು ವರ್ಷಗಳಷ್ಟು ಹಳೆಯ ಕಥೆ.

1982ರಲ್ಲಿ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಕಳ್ಳ ಪ್ರಯೋಗಾಲಯದಲ್ಲಿ ತಯಾರಾದ ಕೃತಕ ಹೆರಾಯಿನ್ ಚುಚ್ಚಿಕೊಂಡ ಕೆಲವರು ಇದ್ದಕ್ಕಿದ್ದಂತೆ ಮರಗಟ್ಟಿಹೋದರು. ಮಾತಿಲ್ಲ, ಚಲನೆಯಿಲ್ಲ. ನೋಡಿದರೆ ವಯಸ್ಸಾದವರಿಗೆ ಬರುವ ಪಾರ್ಕಿನ್ಸನ್ ಕಾಯಿಲೆಯ ಕೊನೆಯ ಹಂತದಂತಿತ್ತು. ನರತಜ್ಞ ವಿಲಿಯಂ ಲ್ಯಾಂಗ್‌ಸ್ಟನ್ ಮತ್ತು ಸಂಗಡಿಗರು ಅದರಲ್ಲಿ ಎಂಪಿಟಿಪಿ ಎಂಬ ಕಲಬೆರಕೆ ಇರುವುದನ್ನು ಪತ್ತೆ ಹಚ್ಚಿದರು. ಅದು ಮೆದುಳಿನ ಸಬ್‌ಸ್ಟ್ಯಾನ್ಷಿಯಾ ನೈಗ್ರಾ ಎಂಬ ಪುಟ್ಟ ಭಾಗದ ಡೋಪಮಿನ್ ಕೋಶಗಳನ್ನು ಹುಡುಕಿ ಕೊಂದಿತ್ತು.

ಇವರಲ್ಲಿ ಇಬ್ಬರಿಗೆ ಸ್ವೀಡನ್ನಿನ ಲುಂಡ್‌ನಲ್ಲಿ ಭ್ರೂಣದ ಮಿದುಳಿನ ಅಂಗಾಂಶವನ್ನು ಶಸ್ತ್ರಚಿಕಿತ್ಸೆ ಮೂಲಕ ಮೆದುಳಿನ ಒಳಗೇ ಕಸಿ ಮಾಡಲಾಯಿತು. ಸುಮಾರು ಎರಡು ವರ್ಷಗಳ ನಿಗಾದಲ್ಲಿ ಇಬ್ಬರ ಚಲನೆಯೂ ಗಣನೀಯವಾಗಿ ಸುಧಾರಿಸಿತು ಎಂದು 1992ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ವರದಿಯಾಯಿತು.

ಇದನ್ನು ಕೇಳಿದರೆ 'ಹಾಗಾದರೆ ನಮಗೂ ಆಗಬಹುದಲ್ಲ' ಎನಿಸುವುದು ಸಹಜ. ಆದರೆ ವ್ಯತ್ಯಾಸ ಗಮನಿಸಿ. ಇಲ್ಲಿ ಹಾನಿಯಾಗಿದ್ದು ಒಂದೇ ಜಾಗದ, ಒಂದೇ ಬಗೆಯ ಕೋಶಗಳಿಗೆ. ಹಾಕಿದ್ದು ಅದೇ ಬಗೆಯ ಕೋಶವಾಗಬಲ್ಲ ಅಂಗಾಂಶ. ಹಾಕಿದ್ದು ಮೆದುಳಿನೊಳಗಿನ ಗುರುತಿಸಿದ ಜಾಗಕ್ಕೆ. ಚಿಕಿತ್ಸೆ ನೀಡಿದ್ದು ಪಾರ್ಕಿನ್ಸನ್ ಲಕ್ಷಣಗಳಿಗೇ ಹೊರತು ವ್ಯಸನಕ್ಕಲ್ಲ.

ಮುಂದೆ ಆದದ್ದು ಇನ್ನೂ ದೊಡ್ಡ ಪಾಠ. ಇದೇ ತಂತ್ರವನ್ನು ಅಮೆರಿಕದಲ್ಲಿ 40 ಮಂದಿ ಪಾರ್ಕಿನ್ಸನ್ ರೋಗಿಗಳ ಮೇಲೆ ಕಟ್ಟುನಿಟ್ಟಾಗಿ ಪರೀಕ್ಷಿಸಿ 2001ರಲ್ಲಿ ಫಲಿತಾಂಶ ಪ್ರಕಟಿಸಲಾಯಿತು. ಅರ್ಧದಷ್ಟು ಜನರಿಗೆ ಕೋಶ ಹಾಕಲಾಯಿತು. ಉಳಿದವರಿಗೆ ತಲೆಬುರುಡೆಯಲ್ಲಿ ರಂಧ್ರ ಮಾತ್ರ ಮಾಡಿ, ಏನನ್ನೂ ಹಾಕದೆ ಬಿಡಲಾಯಿತು. ಯಾರಿಗೆ ಯಾವುದು ಎಂದು ರೋಗಿಗೆ ಗೊತ್ತಿರಲಿಲ್ಲ. 60ಕ್ಕಿಂತ ಹೆಚ್ಚು ವಯಸ್ಸಾದವರಲ್ಲಿ ಲಾಭವೇ ಕಾಣಲಿಲ್ಲ, ಕಿರಿಯರಲ್ಲಿ ಸ್ವಲ್ಪ ಲಾಭವಾಯಿತು. ಕಸಿ ಪಡೆದವರಲ್ಲಿ ಶೇ.15ರಷ್ಟು ಮಂದಿಗೆ ನಂತರ ಅನೈಚ್ಛಿಕ ಚಲನೆಗಳ ಹೊಸ ತೊಂದರೆ ಶುರುವಾಯಿತು. ಇಬ್ಬರಲ್ಲಿ ಕಂಡ ಆಶಾಭಾವನೆ ನಲವತ್ತು ಜನರ ಪರೀಕ್ಷೆಯಲ್ಲಿ ಅಷ್ಟು ಸರಳವಾಗಿ ನಿಲ್ಲಲಿಲ್ಲ.

ಸಂಶೋಧನೆ ಅಲ್ಲಿಗೆ ನಿಂತಿಲ್ಲ. 2025ರ ಏಪ್ರಿಲ್‌ನಲ್ಲಿ ನೇಚರ್ ಪತ್ರಿಕೆಯಲ್ಲಿ ಎರಡು ಅಧ್ಯಯನಗಳು ಪ್ರಕಟವಾದವು. ಜಪಾನಿನ ಕ್ಯೋಟೋದಲ್ಲಿ ಐಪಿಎಸ್ ಕೋಶಗಳಿಂದ ತಯಾರಿಸಿದ ಕೋಶಗಳನ್ನು 7 ಮಂದಿ ಪಾರ್ಕಿನ್ಸನ್ ರೋಗಿಗಳಿಗೆ, ಅಮೆರಿಕ ಮತ್ತು ಕೆನಡಾದಲ್ಲಿ ಭ್ರೂಣದ ಸ್ಟೆಮ್ ಸೆಲ್‌ನಿಂದ ತಯಾರಿಸಿದ ಕೋಶಗಳನ್ನು 12 ಮಂದಿಗೆ ಕಸಿ ಮಾಡಿದ ವರದಿಗಳವು. ಸುರಕ್ಷತೆಯ ದೃಷ್ಟಿಯಿಂದ ಫಲಿತಾಂಶ ಭರವಸೆ ಮೂಡಿಸಿದೆ. ಆದರೂ ಇವು ಆರಂಭಿಕ ಹಂತದ ಪ್ರಯೋಗಗಳು.

ವ್ಯಸನದ ಮೇಲೆ ಸಂಶೋಧನೆ ಎಲ್ಲಿಗೆ ಬಂದಿದೆ?

ಚಿಲಿ ವಿಶ್ವವಿದ್ಯಾಲಯದ ವಿಜ್ಞಾನಿಗಳು ಮದ್ಯವನ್ನೇ ಹೆಚ್ಚು ಇಷ್ಟಪಡುವಂತೆ ತಲೆಮಾರುಗಳಿಂದ ಬೆಳೆಸಿದ ಇಲಿಗಳ ಮೇಲೆ ಮೆಸೆಂಕೈಮಲ್ ಕೋಶಗಳನ್ನು ಪ್ರಯೋಗಿಸಿದ್ದಾರೆ. ಇಲಿಗಳು ಕುಡಿಯುವ ಪ್ರಮಾಣ ಇಳಿಯಿತು, ಬಿಟ್ಟ ನಂತರ ಮತ್ತೆ ಕುಡಿತಕ್ಕೆ ಮುಗಿಬೀಳುವುದೂ ಕಡಿಮೆಯಾಯಿತು. ಮೆದುಳಿನ ಉರಿಯೂತ ತಗ್ಗಿದ್ದು ಇದಕ್ಕೆ ಕಾರಣವಿರಬಹುದು ಎಂಬುದು ಅವರ ಅಂದಾಜು.

2023ರಲ್ಲಿ ಅಮೆರಿಕದ ಒರೆಗಾನ್‌ನ ಸಂಶೋಧಕರು ಅತಿಯಾಗಿ ಮದ್ಯ ಸೇವಿಸುವ ಕೋತಿಗಳ ಮೆದುಳಿಗೆ ಜಿಡಿಎನ್‌ಎಫ್ ಎಂಬ ಪೋಷಕ ಪ್ರೋಟೀನಿನ ವಂಶವಾಹಿಯನ್ನು ಸೇರಿಸಿದಾಗ ಕುಡಿತ ಶೇ.90ಕ್ಕೂ ಹೆಚ್ಚು ಇಳಿದಿದ್ದನ್ನು ವರದಿ ಮಾಡಿದರು. ಇದು ಜೀನ್ ಥೆರಪಿ, ಸ್ಟೆಮ್ ಸೆಲ್ ಅಲ್ಲ. ಎರಡೂ ಮುಖ್ಯವಾದ ಸಂಶೋಧನೆಗಳೇ. ಆದರೆ ಇಲಿ, ಕೋತಿಯಿಂದ ಮನುಷ್ಯನವರೆಗಿನ ದಾರಿ ದೊಡ್ಡದು. ಆ ದಾರಿಯನ್ನು ಹಾರಿ, ಇಂದೇ ಪ್ಯಾಕೇಜ್ ಮಾಡಿ ಮಾರುವುದು ವಿಜ್ಞಾನವಲ್ಲ.

'ಹಾಕಿಸಿಕೊಂಡವರು ಸುಧಾರಿಸಿದ್ದಾರಲ್ಲ?'

ಎಲ್ಲರೂ ಕೇಳುವ ಪ್ರಶ್ನೆ ಇದು. ವಿಡಿಯೋದಲ್ಲಿ ತಾಯಿಯೊಬ್ಬರು 'ನನ್ನ ಮಗ ಈಗ ಚೆನ್ನಾಗಿದ್ದಾನೆ' ಎಂದರೆ ಅದು ಸುಳ್ಳಾಗಿರಬೇಕಿಲ್ಲ. ಮಗ ನಿಜಕ್ಕೂ ಸುಧಾರಿಸಿರಬಹುದು. ಪ್ರಶ್ನೆ ಇರುವುದು ಯಾವುದರಿಂದ ಎಂಬುದರಲ್ಲಿ.

2001ರಲ್ಲಿ ನೋರಾ ವೋಲ್ಕೊ ಮತ್ತು ತಂಡದವರು ಮೆತ್‌ಆಂಫೆಟಮಿನ್ ಬಿಟ್ಟ ಐವರ ಮೆದುಳನ್ನು ಎರಡು ಬಾರಿ ಸ್ಕ್ಯಾನ್ ಮಾಡಿದರು. ಮೊದಲ ಸ್ಕ್ಯಾನ್ ಬಿಟ್ಟ ಆರು ತಿಂಗಳೊಳಗೆ, ಎರಡನೆಯದು 12ರಿಂದ 17 ತಿಂಗಳ ಸಂಯಮದ ನಂತರ. ಕುಗ್ಗಿಹೋಗಿದ್ದ ಡೋಪಮಿನ್ ಟ್ರಾನ್ಸ್‌ಪೋರ್ಟರ್ ಪ್ರಮಾಣ ಮೆದುಳಿನ ಎರಡು ಭಾಗಗಳಲ್ಲಿ ಶೇ.19 ಮತ್ತು ಶೇ.16ರಷ್ಟು ಏರಿತ್ತು. ಯಾವ ಸ್ಟೆಮ್ ಸೆಲ್ ಕೂಡ ಇಲ್ಲದೆ, ಡ್ರಗ್ಸ್‌ನಿಂದ ದೂರ ಇದ್ದದ್ದರಿಂದಲೇ ಆದ ಬದಲಾವಣೆ ಇದು. ಆದರೆ ನೆನಪು ಮತ್ತು ಚಲನೆಯ ಪರೀಕ್ಷೆಗಳಲ್ಲಿ ಅದೇ ಪ್ರಮಾಣದ ಸುಧಾರಣೆ ಕಾಣಲಿಲ್ಲ ಎಂಬುದನ್ನೂ ಅವರು ದಾಖಲಿಸಿದ್ದಾರೆ. ಅಂದರೆ ಚೇತರಿಕೆ ನಿಧಾನ, ಪೂರ್ತಿ ಆಗಿಯೇ ತೀರುತ್ತದೆ ಎಂಬ ಖಾತರಿಯಿಲ್ಲ. ಮದ್ಯ ಬಿಟ್ಟವರಲ್ಲೂ ಕುಗ್ಗಿದ ಮೆದುಳಿನ ಗಾತ್ರ ವಾರಗಳಿಂದ ತಿಂಗಳುಗಳಲ್ಲಿ ಭಾಗಶಃ ಮರಳುತ್ತದೆ.

ಈಗ ಯೋಚಿಸಿ. ಚಿಕಿತ್ಸೆ ಪಡೆಯುವ ಹುಡುಗ ತಿಂಗಳುಗಟ್ಟಲೆ ಡ್ರಗ್ಸ್ ಮುಟ್ಟಿಲ್ಲ. ಹೊತ್ತಿಗೆ ಸರಿಯಾಗಿ ಊಟ, ನಿದ್ದೆ. ಜೊತೆಗೆ ಫಿಸಿಯೋಥೆರಪಿ, ಕೌನ್ಸೆಲಿಂಗ್. ಮನೆಯವರೆಲ್ಲ ಅವನ ಬೆನ್ನಿಗೆ ನಿಂತಿದ್ದಾರೆ. ಇವೆಲ್ಲದರ ಮಧ್ಯೆ ಒಂದು ಇಂಜೆಕ್ಷನ್. ಆರು ತಿಂಗಳ ನಂತರ ಸುಧಾರಣೆ ಕಂಡರೆ ಶ್ರೇಯಸ್ಸು ಯಾವುದಕ್ಕೆ? ಇಂಜೆಕ್ಷನ್ ಪಡೆಯದ, ಉಳಿದೆಲ್ಲ ಆರೈಕೆ ಪಡೆದ ಇನ್ನೊಂದು ಗುಂಪಿನ ಜೊತೆ ಹೋಲಿಸಿದರೆ ಮಾತ್ರ ಗೊತ್ತಾಗುತ್ತದೆ. ಆ ಹೋಲಿಕೆ ಇಲ್ಲದ ವಿಡಿಯೋ, ಮುನ್ನ-ನಂತರದ ಸ್ಕ್ಯಾನ್ ಚಿತ್ರ ಸಾಕ್ಷ್ಯವಾಗುವುದಿಲ್ಲ.

ಅಪಾಯ ಇಲ್ಲವೇ?

'ನಿಮ್ಮದೇ ಕೋಶ, ಅಡ್ಡಪರಿಣಾಮವೇ ಇಲ್ಲ' ಎಂಬುದು ಸಾಮಾನ್ಯವಾಗಿ ಕೇಳಿಬರುವ ಮಾತು. ಮಜ್ಜೆ ತೆಗೆಯುವುದು, ಬೆನ್ನಿಗೆ ಸೂಜಿ ಹಾಕುವುದು ಎರಡರಲ್ಲೂ ನೋವು, ತಲೆನೋವು, ರಕ್ತಸ್ರಾವ, ಸೋಂಕಿನ ಸಾಧ್ಯತೆ ಇದೆ. ಸೂಜಿಯಿಂದ ಡ್ರಗ್ಸ್ ಚುಚ್ಚಿಕೊಂಡವರಲ್ಲಿ ಎಚ್‌ಐವಿ, ಹೆಪಟೈಟಿಸ್ ಸಿ ಇರುವ ಸಾಧ್ಯತೆಯೂ ಹೆಚ್ಚಿರುವುದರಿಂದ ಎಚ್ಚರಿಕೆ ಇನ್ನೂ ಮುಖ್ಯ.

ಬೇರೆಯವರ ಕೋಶವಾದರೆ ಅಪಾಯ ಇನ್ನೊಂದು ಬಗೆಯದು. ಇಸ್ರೇಲಿನ ಬಾಲಕನೊಬ್ಬನಿಗೆ ನರರೋಗಕ್ಕಾಗಿ ಮಾಸ್ಕೋದಲ್ಲಿ ಭ್ರೂಣದ ನರ ಸ್ಟೆಮ್ ಸೆಲ್ ನೀಡಲಾಗಿತ್ತು. ನಾಲ್ಕು ವರ್ಷಗಳ ನಂತರ ಅವನ ಮೆದುಳು ಮತ್ತು ಬೆನ್ನುಹುರಿಯಲ್ಲಿ ಗಡ್ಡೆಗಳು ಕಂಡವು. ಅವು ದಾನಿಯ ಕೋಶಗಳಿಂದಲೇ ಬೆಳೆದವು ಎಂದು 2009ರಲ್ಲಿ ವರದಿಯಾಯಿತು. 2016ರಲ್ಲಿ ಇನ್ನೊಂದು ಪ್ರಕರಣ ಪ್ರಕಟವಾಯಿತು: ಪಾರ್ಶ್ವವಾಯುವಿನಿಂದ ಬಳಲುತ್ತಿದ್ದ ವ್ಯಕ್ತಿಯೊಬ್ಬರು ಚೀನಾ, ಅರ್ಜೆಂಟೀನಾ, ಮೆಕ್ಸಿಕೋಗಳಲ್ಲಿ ಬೆನ್ನಿನ ಮೂಲಕ ಸ್ಟೆಮ್ ಸೆಲ್ ಹಾಕಿಸಿಕೊಂಡಿದ್ದರು. ಅವರ ಬೆನ್ನುಹುರಿಯಲ್ಲಿ ಬೇರೆಯವರ ಕೋಶಗಳಿಂದ ಗಡ್ಡೆ ಬೆಳೆದಿತ್ತು.

ಕಣ್ಣಿಗೆ ಕಾಣದ ಇನ್ನೊಂದು ನಷ್ಟವಿದೆ. ಕೂಡಿಟ್ಟ ದುಡ್ಡೆಲ್ಲ ಇದಕ್ಕೇ ಮುಗಿದರೆ, ವರ್ಷಗಟ್ಟಲೆ ಬೇಕಾಗುವ ನಿಜವಾದ ಚಿಕಿತ್ಸೆಗೆ ಏನೂ ಉಳಿಯುವುದಿಲ್ಲ. 'ಮೆದುಳು ಸರಿಯಾಯಿತು' ಎಂಬ ಭರವಸೆಯಲ್ಲಿ ಔಷಧಿ ನಿಲ್ಲಿಸಿದರೆ ವ್ಯಸನ ಮರುಕಳಿಸಬಹುದು. ಕೆಲಕಾಲ ಬಿಟ್ಟವರ ದೇಹ ಹಳೆಯ ಪ್ರಮಾಣದ ಹೆರಾಯಿನ್ ತಡೆಯುವುದಿಲ್ಲ. ಓವರ್‌ಡೋಸ್ ಸಾವು ಸಂಭವಿಸುವುದು ಇಂಥ ಹೊತ್ತಿನಲ್ಲೇ.

ಕಾನೂನು ಏನು ಹೇಳುತ್ತದೆ?

ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಮತ್ತು ಜೈವಿಕ ತಂತ್ರಜ್ಞಾನ ಇಲಾಖೆ ಸೇರಿ 2017ರಲ್ಲಿ ಸ್ಟೆಮ್ ಸೆಲ್ ಸಂಶೋಧನೆಗೆ ರಾಷ್ಟ್ರೀಯ ಮಾರ್ಗಸೂಚಿ ಹೊರಡಿಸಿವೆ. ಅದರ ಪ್ರಕಾರ ರೂಢಿಯ ಚಿಕಿತ್ಸೆಯಾಗಿ ನೀಡಬಹುದಾದದ್ದು ರಕ್ತಕ್ಕೆ ಸಂಬಂಧಿಸಿದ ನಿಗದಿತ ಕಾಯಿಲೆಗಳಿಗೆ ಮಾಡುವ ರಕ್ತಜನಕ ಸ್ಟೆಮ್ ಸೆಲ್ ಕಸಿ ಮಾತ್ರ. ಉಳಿದದ್ದೆಲ್ಲ ಅನುಮತಿ ಪಡೆದ ಟ್ರಯಲ್‌ನಲ್ಲೇ ನಡೆಯಬೇಕು. 'ನಿಮ್ಮದೇ ಕೋಶ, ಹೆಚ್ಚೇನೂ ಬದಲಾಯಿಸಿಲ್ಲ' ಎಂಬ ಕಾರಣಕ್ಕೆ ಇದರಿಂದ ವಿನಾಯಿತಿ ಸಿಗುವುದಿಲ್ಲ.

2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಟ್ರಯಲ್ ನಿಯಮಗಳು ಸ್ಟೆಮ್ ಸೆಲ್‌ನಿಂದ ತಯಾರಾದ ಉತ್ಪನ್ನವನ್ನು 'ಹೊಸ ಔಷಧ' ಎಂದೇ ಪರಿಗಣಿಸುತ್ತವೆ. ಟ್ರಯಲ್‌ನಿಂದ ರೋಗಿಗೆ ಹಾನಿಯಾದರೆ ಉಚಿತ ಚಿಕಿತ್ಸೆ ಮತ್ತು ಪರಿಹಾರಕ್ಕೂ ಅವಕಾಶವಿದೆ. 1954ರ ಔಷಧ ಮತ್ತು ಮಾಂತ್ರಿಕ ಪರಿಹಾರಗಳ (ಆಕ್ಷೇಪಾರ್ಹ ಜಾಹೀರಾತು) ಕಾಯ್ದೆಯ ಪಟ್ಟಿಯಲ್ಲಿ 'ಮೆದುಳಿನ ಕಾಯಿಲೆಗಳು' ಸೇರಿವೆ. ಇವನ್ನು ಗುಣಪಡಿಸುವುದಾಗಿ ಔಷಧಿಯ ಜಾಹೀರಾತು ನೀಡುವಂತಿಲ್ಲ.

ಹತ್ತಿರದ ಒಂದು ನಿದರ್ಶನ ಆಟಿಸಂನದು. ಆಟಿಸಂಗೆ ಸ್ಟೆಮ್ ಸೆಲ್ ಚಿಕಿತ್ಸೆಯನ್ನು ಶಿಫಾರಸು ಮಾಡಲಾಗದು, ಅದನ್ನು ಪ್ರಚಾರ ಮಾಡುವುದು ವೃತ್ತಿ ದುರ್ನಡತೆ ಎಂದು ರಾಷ್ಟ್ರೀಯ ವೈದ್ಯಕೀಯ ಆಯೋಗದ ನೀತಿ ಮಂಡಳಿ 2022ರ ಡಿಸೆಂಬರ್‌ನಲ್ಲಿ ಸ್ಪಷ್ಟಪಡಿಸಿತು. ವ್ಯಸನದ ವಿಷಯದಲ್ಲಿ ಪುರಾವೆ ಅದಕ್ಕಿಂತಲೂ ಕಡಿಮೆ.

ಹಾಗಾದರೆ ಸ್ಟೆಮ್ ಸೆಲ್ ಎಂದರೆ ಬರೀ ಮೋಸವೇ?

ಖಂಡಿತ ಅಲ್ಲ. ಉದಾಹರಣೆ ನವಿ ಮುಂಬೈನಲ್ಲೇ ಇದೆ. ಖಾರ್‌ಘರ್‌ನಲ್ಲಿರುವ ಟಾಟಾ ಮೆಮೋರಿಯಲ್ ಸೆಂಟರ್‌ನ ಆಕ್ಟ್ರೆಕ್‌ನಲ್ಲಿ ರಕ್ತ ಕ್ಯಾನ್ಸರ್ ರೋಗಿಗಳಿಗೆ ಅಸ್ಥಿಮಜ್ಜೆ ಕಸಿ ನಡೆಯುತ್ತದೆ. ದೇಶದ ಮೊದಲ ಅಸ್ಥಿಮಜ್ಜೆ ಕಸಿ 1983ರಲ್ಲಿ ಮುಂಬೈನ ಟಾಟಾ ಆಸ್ಪತ್ರೆಯಲ್ಲೇ ನಡೆದಿತ್ತು. ಇಲ್ಲಿ ರಕ್ತ ತಯಾರಿಸುವ ಕೋಶವನ್ನು ರಕ್ತ ತಯಾರಿಸಲೆಂದೇ ಹಾಕುತ್ತಾರೆ, ಹಾಗಾಗಿ ಅದು ಕೆಲಸ ಮಾಡುತ್ತದೆ.

ಇನ್ನೊಂದು ಉದಾಹರಣೆ ಬೆಂಗಳೂರಿನದು. ಮಣಿಪಾಲ್ ಸಮೂಹದ ಸ್ಟೆಂಪ್ಯೂಟಿಕ್ಸ್ ಸಂಸ್ಥೆಯ 'ಸ್ಟೆಂಪ್ಯೂಸೆಲ್'ಗೆ ಬರ್ಜರ್ಸ್ ಕಾಯಿಲೆಯಿಂದ ಕಾಲಿನ ರಕ್ತನಾಳ ಮುಚ್ಚಿಹೋದವರ ಚಿಕಿತ್ಸೆಗಾಗಿ ಔಷಧ ನಿಯಂತ್ರಕರು 2016ರಲ್ಲಿ ಷರತ್ತುಬದ್ಧ ಅನುಮತಿ ಕೊಟ್ಟರು. ಬರ್ಜರ್ಸ್ ಕಾಯಿಲೆ ಬರುವುದು ಮುಖ್ಯವಾಗಿ ಬೀಡಿ, ಸಿಗರೇಟಿನ ಚಟ ಇರುವವರಿಗೆ. ಒಂದರ್ಥದಲ್ಲಿ ಇದೂ ವ್ಯಸನದ ಹಾನಿಯೇ. ಆದರೆ ಅಲ್ಲಿ ಟ್ರಯಲ್ ನಡೆದಿತ್ತು, ಅನುಮತಿ ಇತ್ತು, ಅನುಮತಿ ಸಿಕ್ಕ ಮೇಲೂ ರೋಗಿಗಳ ಮೇಲೆ ನಿಗಾ ಇಡಬೇಕೆಂಬ ಷರತ್ತಿತ್ತು. ಮತ್ತು ಅಲ್ಲೂ ಮೊದಲ ಚಿಕಿತ್ಸೆ ತಂಬಾಕು ಬಿಡುವುದೇ.

ಕ್ಲಿನಿಕ್‌ನಲ್ಲಿ ಕೇಳಬೇಕಾದ 7 ಪ್ರಶ್ನೆಗಳು

1. ಇದು ಟ್ರಯಲ್ ಆಗಿದ್ದರೆ ಸಿಟಿಆರ್‌ಐ ನೋಂದಣಿ ಸಂಖ್ಯೆ ಎಷ್ಟು? 2009ರ ಜೂನ್‌ನಿಂದ ಟ್ರಯಲ್‌ಗಳ ನೋಂದಣಿ ಕಡ್ಡಾಯ. ಸಂಖ್ಯೆ ಹಾಕಿ ಯಾರು ಬೇಕಾದರೂ ಆನ್‌ಲೈನ್‌ನಲ್ಲಿ ನೋಡಬಹುದು.
2. ಆ ನೋಂದಣಿ ನಮ್ಮ ಕಾಯಿಲೆಗೇ ಸಂಬಂಧಿಸಿದ್ದೇ? ಬೇರೆ ಕಾಯಿಲೆಯ ಟ್ರಯಲ್ ತೋರಿಸಿದರೆ ಪ್ರಯೋಜನವಿಲ್ಲ. ನೋಂದಣಿ ಎಂದರೆ 'ಪರಿಣಾಮಕಾರಿ' ಎಂಬ ಮುದ್ರೆಯೂ ಅಲ್ಲ.
3. ಕೇಂದ್ರ ಔಷಧ ನಿಯಂತ್ರಣ ಸಂಸ್ಥೆಯ ಅನುಮತಿ ಪತ್ರ ಎಲ್ಲಿ?
4. ಟ್ರಯಲ್ ಆದರೆ ನಮ್ಮಿಂದ ದುಡ್ಡು ಯಾಕೆ? ಪರೀಕ್ಷಿಸುತ್ತಿರುವ ಚಿಕಿತ್ಸೆಗೆ ರೋಗಿಯಿಂದಲೇ ಲಕ್ಷಗಟ್ಟಲೆ ಕೇಳಿದರೆ ಅಲ್ಲೇ ಎಚ್ಚೆತ್ತುಕೊಳ್ಳಿ.
5. ಯಾವ ಕೋಶ, ಯಾರದ್ದು, ಯಾವ ಪ್ರಯೋಗಾಲಯದಲ್ಲಿ ತಯಾರಾದದ್ದು?
6. ಇಂಜೆಕ್ಷನ್ ಪಡೆಯದ ಗುಂಪಿನ ಜೊತೆ ಹೋಲಿಸಿದ ಫಲಿತಾಂಶ ಪ್ರಕಟವಾಗಿದೆಯೇ?
7. ತೊಂದರೆಯಾದರೆ ಹೊಣೆ ಯಾರದ್ದು? ವಿಮೆ, ಪರಿಹಾರದ ವಿವರ ಒಪ್ಪಿಗೆ ಪತ್ರದಲ್ಲಿ ಇದೆಯೇ?

ಒಪ್ಪಿಗೆ ಪತ್ರ ನಿಮಗೆ ಅರ್ಥವಾಗುವ ಭಾಷೆಯಲ್ಲೇ ಇರಬೇಕು. ಅದನ್ನು ಮನೆಗೆ ತಂದು, ಪರಿಚಯದ ವೈದ್ಯರಿಗೆ ತೋರಿಸಿ, ಆಮೇಲೆ ತೀರ್ಮಾನಿಸಿ. 'ಇವತ್ತೇ ಅಡ್ವಾನ್ಸ್ ಕಟ್ಟಿದರೆ ರಿಯಾಯಿತಿ' ಎಂದರೆ ಎದ್ದು ಬನ್ನಿ. ಈಗಾಗಲೇ ದುಡ್ಡು ಕಟ್ಟಿ ಮೋಸಹೋಗಿದ್ದರೆ ರಶೀದಿ, ಡಿಸ್ಚಾರ್ಜ್ ಸಮ್ಮರಿ, ಜಾಹೀರಾತಿನ ಪ್ರತಿ ಜೋಪಾನವಾಗಿಡಿ. ಮಹಾರಾಷ್ಟ್ರ ಮೆಡಿಕಲ್ ಕೌನ್ಸಿಲ್, ರಾಜ್ಯದ ಆಹಾರ ಮತ್ತು ಔಷಧ ಆಡಳಿತ, ಜಿಲ್ಲಾ ಗ್ರಾಹಕ ಆಯೋಗಕ್ಕೆ ದೂರು ಕೊಡಬಹುದು.

ಕೆಲಸ ಮಾಡುವ ಚಿಕಿತ್ಸೆ ಯಾವುದು?

ಬ್ರೌನ್ ಶುಗರ್ ಮತ್ತು ಇತರ ಓಪಿಯಾಯ್ಡ್ ವ್ಯಸನಕ್ಕೆ ಬುಪ್ರೆನಾರ್ಫಿನ್, ಮೆಥಡೋನ್ ಔಷಧಿಗಳು ಸಾವಿನ ಅಪಾಯವನ್ನೇ ತಗ್ಗಿಸುತ್ತವೆ. 'ಒಂದು ಚಟ ಬಿಡಿಸಲು ಇನ್ನೊಂದು ಚಟ' ಎಂದು ಇವನ್ನು ಅರ್ಧಕ್ಕೆ ನಿಲ್ಲಿಸುವುದು ಅಪಾಯ. ಪೂರ್ತಿ ಬಿಟ್ಟವರಿಗೆ ನಾಲ್ಟ್ರೆಕ್ಸೋನ್ ನೀಡಲಾಗುತ್ತದೆ. ಮದ್ಯ ಬಿಡುವಾಗ ಫಿಟ್ಸ್, ಸನ್ನಿ ಬರಬಹುದಾದ್ದರಿಂದ ವೈದ್ಯರ ನಿಗಾ ಬೇಕು. ನಂತರ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್, ಡೈಸಲ್ಫಿರಾಮ್ ಬಳಸುತ್ತಾರೆ. ಡೈಸಲ್ಫಿರಾಮ್ ಅನ್ನು ರೋಗಿಗೆ ತಿಳಿಯದಂತೆ ಊಟದಲ್ಲಿ ಬೆರೆಸುವುದು ಪ್ರಾಣಕ್ಕೇ ಕುತ್ತು. ಎಂಡಿ, ಮೆತ್‌ನಂಥ ಉತ್ತೇಜಕಗಳಿಗೆ ಸಾಬೀತಾದ ಮಾತ್ರೆ ಇಲ್ಲ, ಮನೋಚಿಕಿತ್ಸೆಯೇ ಮುಖ್ಯ.

ಮರೆವು, ಏಕಾಗ್ರತೆಯ ಕೊರತೆಗೆ ಮೊದಲು ಕಾರಣ ಹುಡುಕಬೇಕು. ಖಿನ್ನತೆ, ನಿದ್ರಾಹೀನತೆ, ಥೈರಾಯ್ಡ್, ಬಿ1 ಅಥವಾ ಬಿ12 ಕೊರತೆ, ಎಚ್‌ಐವಿ, ತಲೆಗೆ ಬಿದ್ದ ಹಳೆಯ ಪೆಟ್ಟು, ಕದ್ದು ಮುಂದುವರಿದ ಬಳಕೆ ಹೀಗೆ ಚಿಕಿತ್ಸೆ ಇರುವ ಕಾರಣಗಳೇ ಹಲವು. ನರ-ಮನೋವಿಜ್ಞಾನ ಪರೀಕ್ಷೆಯಿಂದ ಯಾವ ಸಾಮರ್ಥ್ಯ ಕುಂದಿದೆ ಎಂದು ಗುರುತಿಸಿ, ಅದಕ್ಕೆ ತಕ್ಕ ಅಭ್ಯಾಸ ಕೊಡುತ್ತಾರೆ. ನಿಯಮಿತ ವ್ಯಾಯಾಮ, ನಿದ್ದೆ, ಮತ್ತೆ ಕೆಲಸದ ಶಿಸ್ತಿಗೆ ಮರಳುವುದು ಇದರ ಭಾಗವೇ.

ಎಲ್ಲಿಗೆ ಹೋಗಬೇಕು?

* ಠಾಣೆಯಲ್ಲಿ 1901ರಿಂದ ಇರುವ ಪ್ರಾದೇಶಿಕ ಮಾನಸಿಕ ಆಸ್ಪತ್ರೆ ಸರ್ಕಾರಿ ಸಂಸ್ಥೆ. ಕಳವಾದಲ್ಲಿ ಠಾಣೆ ಪಾಲಿಕೆಯ ಛತ್ರಪತಿ ಶಿವಾಜಿ ಮಹಾರಾಜ್ ಆಸ್ಪತ್ರೆ ಇದೆ.
* ಕಲ್ಯಾಣ್, ಡೊಂಬಿವಲಿಯಿಂದ ಸೆಂಟ್ರಲ್ ಲೈನ್ ಹಿಡಿದರೆ ಸಯಾನ್, ಪರೇಲ್‌ನ ಕೆಇಎಂ, ಭಾಯ್ಖಳಾದ ಜೆಜೆ ಆಸ್ಪತ್ರೆಗಳ ಮನೋರೋಗ ವಿಭಾಗ ತಲುಪಬಹುದು.
* ಬಾಂದ್ರಾದಲ್ಲಿ 1981ರಲ್ಲಿ ಆರಂಭವಾದ ಕೃಪಾ ಫೌಂಡೇಶನ್, ಪುಣೆಯಲ್ಲಿ 1986ರಲ್ಲಿ ಡಾ. ಅನಿತಾ ಅವಚಟ್ (ಸುನಂದಾ) ಮತ್ತು ಅನಿಲ್ ಅವಚಟ್ ಕಟ್ಟಿದ ಮುಕ್ತಾಂಗಣ ಹಳೆಯ ವ್ಯಸನಮುಕ್ತಿ ಸಂಸ್ಥೆಗಳು.
* ಊರಿಗೆ ಹೋಗಿ ತೋರಿಸುವುದಾದರೆ ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೆಂದೇ ಪ್ರತ್ಯೇಕ ಕೇಂದ್ರವಿದೆ. ಉತ್ತರ ಕರ್ನಾಟಕದವರಿಗೆ ಧಾರವಾಡದ ಡಿಮ್ಹಾನ್ಸ್ ಹತ್ತಿರ.
* ವ್ಯಸನಮುಕ್ತಿ ರಾಷ್ಟ್ರೀಯ ಸಹಾಯವಾಣಿ 14446. ಟೆಲಿ ಮನಸ್ ಸಹಾಯವಾಣಿ 14416. 2022ರ ಅಕ್ಟೋಬರ್‌ನಲ್ಲಿ ಆರಂಭವಾದ ಟೆಲಿ ಮನಸ್‌ನಲ್ಲಿ ಕನ್ನಡದಲ್ಲೂ ಮಾತನಾಡಬಹುದು.

ಪೊಲೀಸ್ ಕೇಸ್ ಆಗುತ್ತದೆ ಎಂಬ ಭಯದಿಂದ ಆಸ್ಪತ್ರೆಗೆ ಹೋಗದವರಿದ್ದಾರೆ. ಸೇವನೆ ಅಥವಾ ಅಲ್ಪ ಪ್ರಮಾಣದ ಆರೋಪ ಎದುರಿಸುವ ವ್ಯಸನಿ ತಾನಾಗಿಯೇ ಸರ್ಕಾರಿ ಅಥವಾ ಮಾನ್ಯತೆ ಪಡೆದ ಸಂಸ್ಥೆಯಲ್ಲಿ ಚಿಕಿತ್ಸೆ ಪಡೆದರೆ, ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ ವಿಚಾರಣೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಅರ್ಧಕ್ಕೆ ಬಿಟ್ಟರೆ ಆ ರಕ್ಷಣೆ ಹೋಗಬಹುದು.

ಕೊರತೆ ಇರುವುದು ಎಲ್ಲಿ?

ದೆಹಲಿಯ ಏಮ್ಸ್ ನಡೆಸಿ 2019ರಲ್ಲಿ ಪ್ರಕಟಿಸಿದ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 77 ಲಕ್ಷ ಜನರಿಗೆ ಓಪಿಯಾಯ್ಡ್ ಸಮಸ್ಯೆಗೆ ನೆರವು ಬೇಕಿದೆ. ಮದ್ಯಕ್ಕೆ ದಾಸರಾದ 38 ಜನರಲ್ಲಿ ಒಬ್ಬರಿಗೆ, ಅಕ್ರಮ ಮಾದಕ ವಸ್ತುವಿಗೆ ದಾಸರಾದ 20 ಜನರಲ್ಲಿ ಒಬ್ಬರಿಗೆ ಮಾತ್ರ ಚಿಕಿತ್ಸೆ ಸಿಕ್ಕಿದೆ. ಅಂದರೆ ನಮ್ಮಲ್ಲಿ ಬಹುಪಾಲು ಜನರಿಗೆ ಇನ್ನೂ ತಲುಪದೇ ಇರುವುದು ಸಾಬೀತಾದ, ಕಡಿಮೆ ಖರ್ಚಿನ ಮಾಮೂಲಿ ಚಿಕಿತ್ಸೆಯೇ.

ಮುಂದೊಂದು ದಿನ ಹಾಳಾದ ಮೆದುಳಿನ ಭಾಗಕ್ಕೆ ಹೊಸ ಕೋಶ ಕಸಿ ಮಾಡುವುದು ಸಾಧ್ಯವಾಗಬಹುದು. ಆ ದಿನ ಬಂದಾಗ ಅದು ಅನುಮತಿ ಪತ್ರದೊಂದಿಗೆ, ಪ್ರಕಟಿತ ಫಲಿತಾಂಶದೊಂದಿಗೆ ದೊಡ್ಡ ಆಸ್ಪತ್ರೆಗಳಲ್ಲೇ ಸಿಗುತ್ತದೆ. ಅಲ್ಲಿಯವರೆಗೆ ಅಡವಿಡಬೇಕೆಂದಿರುವ ಚಿನ್ನ ಮನೆಯಲ್ಲೇ ಇರಲಿ. ಮಗ ಡ್ರಗ್ಸ್ ಇಲ್ಲದೆ ಕಳೆದ ಆರು ತಿಂಗಳೇ ಇಲ್ಲಿಯವರೆಗಿನ ದೊಡ್ಡ ಚಿಕಿತ್ಸೆ. ಅದನ್ನು ಹನ್ನೆರಡು ತಿಂಗಳಾಗಿಸಲು ಏನು ಬೇಕೋ ಅದನ್ನು ವೈದ್ಯರ ಬಳಿ ಕೇಳಿ. 14416ಕ್ಕೆ ಕರೆ ಮಾಡುವುದರಿಂದಲೂ ಶುರು ಮಾಡಬಹುದು.

(ಸೂಚನೆ: ಈ ಲೇಖನ ಸಾಮಾನ್ಯ ಮಾಹಿತಿಗಾಗಿ ಮಾತ್ರ. ಔಷಧಿ ಆರಂಭಿಸುವ, ಬದಲಾಯಿಸುವ ಅಥವಾ ನಿಲ್ಲಿಸುವ ಮುನ್ನ ಮನೋವೈದ್ಯರನ್ನು ಕಾಣಿ. ಉಸಿರಾಟ ನಿಧಾನವಾಗಿ ಪ್ರಜ್ಞೆ ತಪ್ಪಿದರೆ ಕಾಯದೆ 112 ಅಥವಾ 108ಕ್ಕೆ ಕರೆ ಮಾಡಿ.)